ಬಣ್ಣದ ತೊಟ್ಟಿಯ ನಾಲ್ಕನೇ ದನಿ

“ನಾಲ್ಕು,” ಎಂದಳು ಸೊಸೆ.

ಬೆಳಗಿನ ಬಿಸಿಲು ಊಟದ ಮೇಜಿನ ಮೇಲೆ ಅರ್ಧದಷ್ಟು ಹರಡಿತ್ತು. ಕಾಫಿ ಲೋಟಗಳನ್ನು ಅತ್ತ ಸರಿಸಿ, ಲ್ಯಾಪ್‌ಟಾಪನ್ನು ಇತ್ತ ಎಳೆದುಕೊಂಡು ಕುಳಿತ ಅವಳ ಮುಖದಲ್ಲಿ ಎಂದಿನ ನಗುವಿರಲಿಲ್ಲ. ಎದುರು ಕುಳಿತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಇನ್ಸ್‌ಪೆಕ್ಟರಮ್ಮನ ಕೈ ಅಲ್ಲೇ ನಿಂತಿತು.

“ಮೂರಿರಬೇಕಿತ್ತಲ್ಲೇ.”

“ಮೂರೇ ಇರಬೇಕಿತ್ತು ಅತ್ತೆ. ನಾಲ್ಕಿದೆ. ಹಿಂದುಮುಂದು ತಿರುಗಿಸಿ ಮಾಡಿ ನೋಡಿದೆ. ನಾಲ್ಕೇ.”

ಇನ್ಸ್‌ಪೆಕ್ಟರಮ್ಮ ಮೇಜಿನ ಆ ತುದಿಯಲ್ಲಿ ಕುಳಿತಿದ್ದ ಹುಡುಗಿಯ ಕಡೆ ತಿರುಗಲಿಲ್ಲ. ಪೊಲೀಸ್ ಇಲಾಖೆಯಲ್ಲಿ ತಲೆ ನರೆಯುವ ತನಕ ದುಡಿದು ನಿವೃತ್ತರಾದ ಮೇಲೂ ಬೀದಿಯವರ ಬಾಯಲ್ಲಿ ಇನ್ಸ್‌ಪೆಕ್ಟರಮ್ಮನಾಗಿಯೇ ಉಳಿದಿದ್ದ ಆಕೆ ಎಂತೆಂಥ ಖದೀಮರ ಕಣ್ಣಿಗೆ ಕಣ್ಣಿಟ್ಟು ನೋಡಿದವರು. ಆದರೆ ಅಪ್ಪ ಲಾಕಪ್ಪಿನಲ್ಲಿರುವ ಮಗಳ ಕಣ್ಣು ನೋಡುವುದು ಅವರಿಗೆ ಯಾವತ್ತೂ ಕಷ್ಟವೇ.

ಆ ಹುಡುಗಿ ಬಣ್ಣದ ಮೇಸ್ತ್ರಿಯ ಮಗಳು, ಅಪ್ಪನನ್ನು ಬಿಡಿಸಿಕೊಡಿ ಎಂದು ಇವರನ್ನು ಹುಡುಕಿ ಬಂದವಳು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ, ಬಿಸಿ ತೊಟ್ಟಿಯ ಮೇಲೆ ಬಗ್ಗಿ ಮಾದರಿ ತೆಗೆಯುತ್ತಿದ್ದ ಯಜಮಾನರ ತಂಗಿ ತುಟಿ ನೀಲಿಗಟ್ಟಿ ಕುಸಿದು ಆಸ್ಪತ್ರೆ ಸೇರಿದ ದಿನದಿಂದ ಮೇಸ್ತ್ರಿ ಪೊಲೀಸರ ವಶದಲ್ಲಿದ್ದ. ಹಳೆಯ ತೊಟ್ಟಿಗಳನ್ನು ಮುಚ್ಚಿಸುತ್ತೇನೆ ಎಂದಿದ್ದಕ್ಕೆ ಅವನು ಹಿಂದಿನ ದಿನವೇ ಎಲ್ಲರೆದುರು ಆಕೆಯ ಮೇಲೆ ಕೂಗಾಡಿದ್ದ. ತೊಟ್ಟಿಗೆ ಏನು ಬೀಳಬೇಕೆಂದು ತೀರ್ಮಾನಿಸುವವನೂ ಅವನೊಬ್ಬನೇ. ಪೊಲೀಸರಿಗೆ ಅಷ್ಟು ಸಾಕಾಗಿತ್ತು. ಬಿದ್ದವಳನ್ನು ಎತ್ತಿಕೊಂಡು ಹೊರಗೆ ಓಡಿದವನೂ ಅವನೇ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

“ಹಳದಿ, ಕೆಂಪು, ನೀಲಿ. ಮೂರು ಬಣ್ಣ ಬಿಟ್ಟು ನನ್ನ ಕೈಯಿಂದ ಏನೂ ಬಿದ್ದಿಲ್ಲ,” ಎಂಬುದೊಂದೇ ಅವನ ಹೇಳಿಕೆ.

“ನಾಲ್ಕು ಅಂದ್ರೆ?” ಹುಡುಗಿಯ ದನಿ ಒಡೆಯಿತು. “ನಮ್ಮಪ್ಪ ಸುಳ್ಳು ಹೇಳಿದ್ರು ಅಂತಾನಾ?”

“ನಾಲ್ಕು ಅಂದ್ರೆ ನಾಲ್ಕು, ಅಷ್ಟೇ,” ಎಂದರು ಇನ್ಸ್‌ಪೆಕ್ಟರಮ್ಮ. “ಯಾರು ಹಾಕಿದ್ರು ಅನ್ನೋದು ಬೇರೆ ಪ್ರಶ್ನೆ. ನೀನು ಮೊದಲು ಆ ಕಾಫಿ ಕುಡಿ, ಆರಿ ತಣ್ಣಗಾಯ್ತು. ಏ, ನೀನು ಇವಳಿಗೆ ಅರ್ಥ ಆಗೋ ಹಾಗೆ ಬಿಡಿಸಿ ಹೇಳೇ. ಹಾಗೇ ನನಗೂ.”

ಸೊಸೆ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರಕ್ಕೂ ಗಣಿತಕ್ಕೂ ನಡುವಿನ ಯಾವುದೋ ಕಿರುದಾರಿಯಲ್ಲಿ ಸಂಶೋಧನೆ ಮಾಡುವವಳು. “ಒಂದು ಹನಿ ಮುಟ್ಟದೆ ರಸಾಯನಶಾಸ್ತ್ರ ಮಾಡ್ತಾಳೆ ನಮ್ಮ ಸೊಸೆ,” ಎಂದು ಇನ್ಸ್‌ಪೆಕ್ಟರಮ್ಮ ನೆಂಟರಿಗೆ ಪರಿಚಯಿಸುತ್ತಿದ್ದರು. ಅದು ಹೊಗಳಿಕೆಯೋ ದೂರೋ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

“ತೊಟ್ಟಿ ಪಕ್ಕ ಒಂದು ಉಪಕರಣ ಇದೆಯಲ್ಲ,” ಸೊಸೆ ಪರದೆಯನ್ನು ಅವರ ಕಡೆ ತಿರುಗಿಸಿದಳು. “ಅದು ಬಣ್ಣದ ನೀರಿನೊಳಗೆ ಬೆಳಕು ಹಾಯಿಸ್ತಾನೇ ಇರುತ್ತೆ. ನಮ್ಮ ಕಣ್ಣಿಗೆ ಕಾಣೋ ಬೆಳಕು, ಕಾಣದ ಬೆಳಕು, ಎಲ್ಲಾನೂ. ಯಾವ ಬೆಳಕನ್ನ ನೀರು ಎಷ್ಟು ನುಂಗಿತು ಅಂತ ಬರ್ಕೊಳ್ಳುತ್ತೆ. ಒಂದು ಸಲಕ್ಕೆ ಒಂದು ಅಡ್ಡಸಾಲು. ಒಂದೊಂದು ಬಗೆ ಬೆಳಕಿಗೂ ಒಂದೊಂದು ಕಂಬಸಾಲು. ಇಡೀ ದಿನದ್ದು ಸೇರಿದ್ರೆ ಇಷ್ಟು ದೊಡ್ಡ ಅಂಕಿಗಳ ಚೌಕ. ಇದೇ ಮಾತೃಕೆ.”

“ಹೆಸರಲ್ಲೇ ತಾಯಿ ಇದ್ದಾಳೆ. ಅಂದ್ಮೇಲೆ ಸುಳ್ಳು ಹೇಳಲ್ಲ ಬಿಡು.”

“ತುಂಬಿದವರು ಸುಳ್ಳು ತುಂಬಿದ್ರೆ ಹೇಳುತ್ತೆ ಅತ್ತೆ.”

“ಸರಿ, ಮುಂದೆ?”

“ಪಕ್ಕದ ಮನೇಲಿ ಜಗಳ ಆಗ್ತಿದೆ ಅಂದ್ಕೊಳ್ಳಿ. ನೀವು ಗೋಡೆಗೆ ಕಿವಿ ಹಚ್ಚಿ ನಿಂತಿದೀರ.”

“ನಾನ್ಯಾಕೆ ಕಿವಿ ಹಚ್ಚಲಿ?”

“ಅಂದ್ಕೊಳ್ಳಿ ಅಂದೆ ಅತ್ತೆ.” ಸೊಸೆಗೆ ನಗು ಬಂತು. “ಮುಖ ಕಾಣಲ್ಲ. ಎಲ್ಲರ ದನಿಯೂ ಕಲಸಿಹೋಗಿದೆ. ಒಬ್ಬರು ಏರ್ತಾರೆ, ಒಬ್ಬರು ಇಳೀತಾರೆ. ಆದ್ರೂ ಕೇಳ್ತಾ ಕೇಳ್ತಾ ಒಳಗೆ ಎಷ್ಟು ಗಂಟಲಿದೆ ಅಂತ ಗೊತ್ತಾಗಿಬಿಡುತ್ತೆ ಅಲ್ವಾ? ಮಾತೃಕೆಗೂ ಹಾಗೇ ಕೇಳಬಹುದು. ಇಷ್ಟು ಸಾವಿರ ಅಂಕಿ ಇದ್ದೀರಲ್ಲ, ನಿಮ್ಮಲ್ಲಿ ನಿಜವಾಗ್ಲೂ ಬೇರೆ ಬೇರೆ ಮಾತು ಎಷ್ಟು ಅಂತ. ಮೂರೇ ಬಣ್ಣ ಇದ್ದಿದ್ರೆ ಪ್ರತಿ ಸಾಲನ್ನೂ ಆ ಮೂರರ ಹೆಚ್ಚುಕಡಿಮೆ ಬೆರಕೆ ಅಂತ ಬರೀಬಹುದಿತ್ತು. ಆಗ್ತಿಲ್ಲ. ಒಂದು ದನಿ ಉಳ್ಕೊಳ್ಳುತ್ತೆ. ಈ ಎಣಿಕೆಗೆ ಮಾತೃಕೆಯ ಶ್ರೇಣಿ ಅಂತಾರೆ.”

“ನಮ್ಮ ಇಲಾಖೆಲೂ ಶ್ರೇಣಿ ಇತ್ತಮ್ಮ. ಅದಕ್ಕೂ ತಲೆಯೊಳಗಿದ್ದದ್ದಕ್ಕೂ ಸಂಬಂಧ ಇರ್ಲಿಲ್ಲ.”

ಮೇಸ್ತ್ರಿಯ ಮಗಳು ಅಷ್ಟು ದುಃಖದಲ್ಲೂ ಕಿಸಕ್ಕೆಂದಳು. ಇನ್ಸ್‌ಪೆಕ್ಟರಮ್ಮನಿಗೆ ಬೇಕಾಗಿದ್ದೂ ಅದೇ.

“ಈಗ ಎರಡನೇ ಪ್ರಶ್ನೆ,” ಸೊಸೆ ಕುರ್ಚಿಯಲ್ಲಿ ಕಾಲು ಮಡಚಿ ಕುಳಿತಳು. ಲೆಕ್ಕ ಬಿಸಿಯೇರಿತು ಎಂಬುದಕ್ಕೆ ಅದೇ ಗುರುತು. “ನಾಲ್ಕನೇದು ಯಾವಾಗ ಬಂತು? ಇಡೀ ಚೌಕಾನ ಒಟ್ಟಿಗೆ ಕೇಳೋ ಬದಲು ಮೇಲಿಂದ ಸ್ವಲ್ಪ ಸ್ವಲ್ಪ ಸಾಲು ಸೇರಿಸ್ತಾ ಕೇಳ್ತೀನಿ. ನೋಡಿ, ಮೊದಲು ಬರೀ ನೀರು: ಸೊನ್ನೆ. ಹಳದಿ ಬಿತ್ತು: ಒಂದು. ಕೆಂಪು: ಎರಡು. ನೀಲಿ: ಮೂರು. ಮೂರು… ಮೂರು… ಮೂರು…”

ಮೂವರ ತಲೆಯೂ ಪರದೆಯ ಮುಂದೆ ಒಂದಾಗಿತ್ತು.

“ಇಲ್ಲಿ ವಿರಾಮದ ಸೈರನ್,” ಸೊಸೆ ಬೆರಳಿಟ್ಟಳು. “ಇನ್ನೂ ಮೂರು. ಸೈರನ್ ದಾಟಿ ಆಯ್ತು, ಮೂರು. ಈಗ… ನಾಲ್ಕು!”

ಹುಡುಗಿ ಪರದೆಯಿಂದ ತಲೆಯೆತ್ತಿದಳು.

“ಸೈರನ್ ಆದ್ಮೇಲೆ ಅಪ್ಪ ಕ್ಯಾಂಟೀನಲ್ಲಿದ್ರು,” ಹುಡುಗಿ ಮೆಲ್ಲಗೆ ಎಂದಳು. “ಎಲ್ಲರ ಮುಂದೆ. ಯಾರೋ ಕೂರೋಕೆ ಜಾಗ ಬಿಟ್ಕೊಟ್ಟಿಲ್ಲ ಅಂತ ಅಲ್ಲೂ ಜಗಳ ಆಡಿದ್ರು. ಇಡೀ ಕಾರ್ಖಾನೆ ನೋಡಿದೆ!”

ಅವಳು ಎದ್ದು ಸೊಸೆಯನ್ನು ತಬ್ಬಿಕೊಂಡ ಭರಕ್ಕೆ ಒಂದು ಲೋಟ ಉರುಳಿತು. ಯಾರಿಗೂ ಅದನ್ನು ಒರೆಸುವ ವ್ಯವಧಾನವಿರಲಿಲ್ಲ.

ನಾಲ್ಕನೇ ದನಿಯನ್ನು ಉಳಿದ ಮೂರರಿಂದ ಬಿಡಿಸಿ ತೆಗೆಯಲು ಇನ್ನಷ್ಟು ಹೊತ್ತು ಹಿಡಿಯಿತು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದಕ್ಕೆ ಬಣ್ಣವೇ ಇರಲಿಲ್ಲ. ಕಾಣದ ಬೆಳಕಿನಲ್ಲಿ ಮಾತ್ರ ಎರಡು ಗುಡ್ಡದಂತೆ ಎದ್ದಿತ್ತು, ಅದೂ ಮೂರು ಬಣ್ಣಗಳ ನೆರಳಿನಲ್ಲಿ ಹುದುಗಿಕೊಂಡು. ಸೊಸೆ ಅದನ್ನು ಗೊತ್ತಿರುವ ಪದಾರ್ಥಗಳ ಚಿತ್ರಗಳ ಪಕ್ಕದಲ್ಲಿ ಒಂದೊಂದಾಗಿ ಇಟ್ಟು ನೋಡುತ್ತಾ ಹೋದಳು. ಒಂದರ ಮೇಲೆ ಅದು ಕೈಗವಸಿನ ಹಾಗೆ ಕೂತಿತು.

“ಅನಿಲೀನ್,” ಎಂದಳು. “ಎಣ್ಣೆ ಥರದ ದ್ರವ. ಬಟ್ಟೆಗೆ ಕಪ್ಪು ಬಣ್ಣ ಕಟ್ಟೋಕೆ ಹಿಂದೆ ಬಳಸ್ತಿದ್ರು. ಆವಿಯಿಂದಾನೂ ಮೈಗೇರುತ್ತೆ, ಚರ್ಮದಿಂದಾನೂ ಇಳಿಯುತ್ತೆ.”

“ಆಕೆಯ ತೋಳು ಪೂರ್ತಿ ನೆನೆದಿತ್ತಂತೆ,” ಎಂದು ಹೇಳುವ ಹೊತ್ತಿಗೆ ಇನ್ಸ್‌ಪೆಕ್ಟರಮ್ಮ ಆಸ್ಪತ್ರೆಗೆ ಫೋನ್ ಮಾಡಿಯಾಗಿತ್ತು.

ಆ ಕಡೆಯಿಂದ ಡಾಕ್ಟರಮ್ಮ ಒಂದು ದೀರ್ಘ ಉಸಿರು ಬಿಟ್ಟಿದ್ದು ಕೇಳಿಸಿತು. “ರಕ್ತ ಆಮ್ಲಜನಕ ಹೊರಲಾರದೆ ಚಾಕೊಲೇಟ್ ಬಣ್ಣಕ್ಕೆ ತಿರುಗಿದೆ ಅನ್ನೋದು ಗೊತ್ತಿತ್ತಮ್ಮ. ಔಷಧಿ ಕೊಟ್ರೆ ಸರಿಹೋಗ್ತಾರೆ, ಆಮೇಲೆ ಮತ್ತೆ ಜಾರ್ತಾರೆ. ಯಾವ ಪದಾರ್ಥ ಅಂತ ಗೊತ್ತಿಲ್ಲದೆ ಕತ್ತಲಲ್ಲಿ ತಡಕಾಡ್ತಿದ್ವಿ. ಇದಾದ್ರೆ ಮೈಯಲ್ಲಿ ಉಳ್ಕೊಂಡು ಮತ್ತೆ ಮತ್ತೆ ತಲೆ ಎತ್ತುತ್ತೆ. ಎಷ್ಟು ಕಾಯಬೇಕು, ಏನನ್ನ ಕಾಯಬೇಕು ಅಂತ ಈಗ ಗೊತ್ತಾಯ್ತು. ಇನ್ನು ಆಕೇನ ಜಾರೋಕೆ ಬಿಡಲ್ಲ.”

ಫೋನಿಟ್ಟು ತಿರುಗಿದಾಗ ಮೇಸ್ತ್ರಿಯ ಮಗಳು ಚೆಲ್ಲಿದ ಕಾಫಿ ಒರೆಸುತ್ತಾ ಹಾಡು ಗುನುಗುತ್ತಿದ್ದಳು. ಸೊಸೆ ಮಾತ್ರ ಪರದೆಯ ಮುಂದೆ ಕಲ್ಲಾಗಿ ಕುಳಿತಿದ್ದಳು.

ಇನ್ಸ್‌ಪೆಕ್ಟರಮ್ಮನಿಗೆ ಆ ಕೂರುವ ಭಂಗಿ ಗೊತ್ತು. “ಏನಾಯ್ತೇ?”

“ಅತ್ತೆ, ಬೇರೆ ಬಣ್ಣಗಳು ಬಿದ್ದಾಗ್ಲೂ ನೀರಲ್ಲಿ ಬೆರೆಯೋಕೆ ಒಂದೆರಡು ಸಾಲು ಹಿಡಿದಿದೆ, ಒಂದರಲ್ಲಿ ಒಂಚೂರು, ಮುಂದಿನದರಲ್ಲಿ ಪೂರ್ತಿ. ಈ ನಾಲ್ಕನೇದು ಬರೋವಾಗ್ಲೇ ದೊಡ್ಡದಾಗಿ ಬಂದಿದೆ. ಬಾಗಿಲು ತೆಗೆದು ಒಳಗೆ ಬಂದ ಹಾಗಿಲ್ಲ, ಆಕಾಶದಿಂದ ಧೊಪ್ಪಂತ ಉದುರಿದ ಹಾಗಿದೆ. ಯಾಕೆ ಅಂತ ಅದರ ಹಿಂದಿನ ಸಾಲುಗಳನ್ನ ನೋಡಿದೆ.” ಅವಳು ತುಟಿ ಕಚ್ಚಿದಳು. “ಸೈರನ್ನಿಗೆ ಮುಂಚಿನಿಂದ ಶುರುವಾಗಿ ಸೈರನ್ ದಾಟೋ ತನಕ ಇರೋ ಸಾಲುಗಳೆಲ್ಲಾ ಅದಕ್ಕೂ ಹಿಂದಿನ ಸಾಲುಗಳೇ. ಕೊನೇ ಅಂಕಿ ತನಕ. ಯಾರೋ ಹಳೇದನ್ನ ತಂದು ಇಲ್ಲಿ ಅಂಟಿಸಿದಾರೆ.”

ಗುನುಗು ನಿಂತಿತು.

ಇನ್ಸ್‌ಪೆಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಅರ್ಥವಾಗದ ಮಾತೇನೂ ಆಗಿರಲಿಲ್ಲ ಅದು. ಅನಿಲೀನ್ ನಿಜವಾಗಿ ಬಿದ್ದದ್ದು ಆ ಮುಚ್ಚಿಹೋದ ಸಾಲುಗಳಲ್ಲಿ ಎಲ್ಲೋ. ಸೈರನ್ನಿಗೆ ಮುಂಚೆಯೂ ಇರಬಹುದು. ಆಗ ತೊಟ್ಟಿಯ ಪಕ್ಕದಲ್ಲಿ ಇದ್ದವನು ಮೇಸ್ತ್ರಿ ಒಬ್ಬನೇ.

ಇದನ್ನು ಮುಚ್ಚಿಟ್ಟುಕೊಂಡರೆ ಮೇಸ್ತ್ರಿ ಸಂಜೆಗೆ ಮನೆಗೆ ಬರುತ್ತಾನೆ. ಬಿಚ್ಚಿದರೆ ಏನೂ ಹೇಳುವಂತಿಲ್ಲ.

“ಮಗಳೇ,” ಎಂದರು ಅವರು, ಈ ಸಲ ಹುಡುಗಿಯ ಕಣ್ಣನ್ನೇ ನೋಡುತ್ತಾ. “ಮೂಲ ಸಾಲುಗಳನ್ನ ಹುಡುಕಬೇಕು. ಸಿಕ್ಕರೆ ನಿಮ್ಮಪ್ಪನಿಗೆ ಒಳ್ಳೇದಾಗಬಹುದು, ಕೆಟ್ಟದೂ ಆಗಬಹುದು. ನಾನಂತೂ ಹುಡುಕದೆ ಬಿಡೋಳಲ್ಲ. ನೀನು ಬೇಡ ಅಂದ್ರೆ ಈಗ್ಲೇ ಮನೆಗೆ ಹೋಗು, ತಪ್ಪು ತಿಳ್ಕೊಳ್ಳಲ್ಲ.”

ಹುಡುಗಿ ಒರೆಸುವ ಬಟ್ಟೆಯನ್ನು ಹಿಂಡಿ ಇಟ್ಟಳು. ಕಾರಿನ ಕೀಲಿ ಕೈಗೆತ್ತಿಕೊಂಡಳು.

“ನಮ್ಮಪ್ಪ ಬಾಯಿಬಡುಕ. ಮುಂಗೋಪಿ. ಆದ್ರೆ ಸುಳ್ಳ ಅಲ್ಲ. ಕಾರು ಹತ್ತಿ.”

* * *

ಮೇಸ್ತ್ರಿಯ ಮಗಳು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ಅವಳ ಕಾರಿನಲ್ಲಿ ಎಡಕ್ಕೊಂದು ಬಲಕ್ಕೊಂದು ಬ್ರೇಕು. ಪಕ್ಕದ ಸೀಟಿನಲ್ಲಿ ಕುಳಿತ ಇನ್ಸ್‌ಪೆಕ್ಟರಮ್ಮ ಎದುರಿಗೆ ಲಾರಿ ಬಂದಾಗಲೆಲ್ಲ ಗಟ್ಟಿಯಾಗಿ ಅದುಮುತ್ತಿದ್ದರು. ಕಾರು ಬಿಕ್ಕಳಿಸುತ್ತಾ ಸಾಗಿತು.

“ಅಮ್ಮಾ, ಕಾಲು ಎತ್ತಿ ಇಟ್ಕೊಳ್ಳಿ. ನಾನು ಕಲಿಸೋಳು, ಕಲಿಯೋಳಲ್ಲ.”

“ಅತ್ತೆಗೆ ಎಲ್ಲಿ ಹೋದ್ರೂ ಬ್ರೇಕು ತಮ್ಮ ಕಾಲಡಿ ಇರಬೇಕು,” ಎಂದಳು ಹಿಂದಿನಿಂದ ಸೊಸೆ.

ಕಾರ್ಖಾನೆಯ ಗೇಟಿನ ಹತ್ತಿರ ನಿಲ್ಲಿಸುವ ಮುಂಚೆ ಹುಡುಗಿ ಕನ್ನಡಿಯಲ್ಲಿ ಒಮ್ಮೆ ಮುಖ ನೋಡಿಕೊಂಡು ಕೂದಲು ಕಿವಿಯ ಹಿಂದಕ್ಕೆ ಸರಿಸಿದ್ದನ್ನು ಇನ್ಸ್‌ಪೆಕ್ಟರಮ್ಮ ಗಮನಿಸಿದರು.

ಅಂಗಳದಲ್ಲಿ ಬಟ್ಟೆಯ ಥಾನುಗಳನ್ನು ಇಳಿಸುತ್ತಿದ್ದರು. ನೆಲದ ಮೇಲೆ ಎಷ್ಟೋ ವರ್ಷದ ಬಣ್ಣಗಳು ಒಂದರ ಮೇಲೊಂದು ಹರಿದು ಕಲೆಗಟ್ಟಿದ್ದವು. ತೊಟ್ಟಿಗಳ ಸಾಲು ದಾಟಿ ಒಳಗೆ ಹೋದರೆ ಗಾಜಿನ ಕಿಟಕಿಯ ಸಣ್ಣ ಕೋಣೆ. ಅಲ್ಲಿ ಉಪಕರಣವನ್ನು ನೋಡಿಕೊಳ್ಳುವ ಯುವಕನನ್ನು ಇಡೀ ಕಾರ್ಖಾನೆ ಬೆಳಕಪ್ಪ ಎಂದು ಕರೆಯುತ್ತಿತ್ತು. ಇವರಿಗೆ ಅಂಕಿಗಳನ್ನು ಕೊಟ್ಟವನೂ ಅವನೇ. ದಪ್ಪ ಗಾಜಿನ ಕನ್ನಡಕ, ಜೇಬಿನಲ್ಲಿ ಲೆನ್ಸ್ ಒರೆಸುವ ಬಟ್ಟೆ.

“ಮತ್ತೆ ಬಂದ್ರಾ ಮೇಡಂ? ಕೂತ್ಕೊಳ್ಳಿ, ಕೂತ್ಕೊಳ್ಳಿ,” ಎನ್ನುತ್ತಾ ಅವನು ಇದ್ದೊಂದೇ ಕುರ್ಚಿಯನ್ನು ಮೂವರ ನಡುವೆ ಎಲ್ಲಿಡುವುದೆಂದು ತಿಳಿಯದೆ ಒದ್ದಾಡಿದ.

“ತೊಟ್ಟೀಲಿ ಈಗ ಏನಿದೆ?” ಸೊಸೆ ಕೇಳಿದಳು.

“ಬರೀ ನೀರು. ತಣ್ಣೀರು. ತೊಳೆದು ತುಂಬಿಸಿಡಿ ಅಂತ ಸುರಕ್ಷತೆಯವರು ಹೇಳಿದ್ರು.”

“ಉಪಕರಣ ಚಾಲೂ ಮಾಡಿ. ಬರೀ ನೀರು ಏನು ಹೇಳುತ್ತೆ ನೋಡೋಣ. ನನ್ನ ಲ್ಯಾಪ್‌ಟಾಪಿಗೂ ಒಂದು ತಂತಿ ಕೊಡಿ.”

ಅವನು ಗುಂಡಿ ಒತ್ತಿದ. ಪರದೆಯ ಮೇಲೆ ಸಾಲುಗಳು ಬೀಳತೊಡಗಿದವು. ಎಲ್ಲವೂ ಸೊನ್ನೆಯ ಸಮೀಪ, ಆದರೆ ಕೊನೆಯ ಅಂಕಿಗಳು ಸುಮ್ಮನಿರಲಾರದ ಮಕ್ಕಳಂತೆ ಕುಣಿಯುತ್ತಿದ್ದವು.

“ನೋಡಿ,” ಎಂದಳು ಸೊಸೆ. “ಬರೀ ತಣ್ಣೀರು. ಆದ್ರೂ ಒಂದು ಸಲ ಹೇಳಿದ್ದನ್ನ ಮತ್ತೊಂದು ಸಲ ಹಾಗೇ ಹೇಳಲ್ಲ. ದೀಪ ಒಂಚೂರು ಮಿನುಗುತ್ತೆ, ನೀರು ಒಂಚೂರು ಅಲುಗುತ್ತೆ. ಆವತ್ತು ಬಿಸಿ ತೊಟ್ಟಿ, ಮೂರು ಬಣ್ಣ. ಆದ್ರೂ ಸೈರನ್ ಹೊತ್ತಿನ ಸಾಲುಗಳು ಹಿಂದಿನ ಸಾಲುಗಳ ಪಡಿಯಚ್ಚು. ಹೇಗೆ?”

ಬೆಳಕಪ್ಪನ ಕೈ ಜೇಬಿನ ಬಟ್ಟೆಯ ಕಡೆ ಹೋಯಿತು. “ಯಂತ್ರ… ಯಂತ್ರ ಎಲ್ಲೋ ಸಿಕ್ಕಾಕೊಂಡಿರಬೇಕು ಮೇಡಂ.”

“ಸಿಕ್ಕಾಕೊಂಡಿರೋದು ಯಂತ್ರ ಅಲ್ಲಪ್ಪ,” ಎಂದರು ಇನ್ಸ್‌ಪೆಕ್ಟರಮ್ಮ.

ಅವರು ಆ ಒಂದೇ ಕುರ್ಚಿಯನ್ನು ಬಾಗಿಲಿಗೆ ಅಡ್ಡವಾಗಿ ಹಾಕಿಕೊಂಡು ಕುಳಿತರು. ಮಂಡಿ ನೋವಿಗೆ ಕುಳಿತಂತೆಯೂ ಇತ್ತು, ದಾರಿ ಮುಚ್ಚಿದಂತೆಯೂ ಇತ್ತು.

“ಈ ಕೋಣೆಗೆ ಬರೋರು ಯಾರ್ಯಾರು?”

“ನಾನೇ.”

“ಈ ಅಂಕಿಗಳನ್ನ ತಿದ್ದೋಕೆ ಬರೋದು ಯಾರಿಗೆ?”

ಅವನು ಅಂಗೈಯಿಂದ ಹಣೆಯ ಬೆವರು ಒರೆಸಿಕೊಂಡ.

“ನಿನಗೆ ಯಾರಾದ್ರೂ ದುಡ್ಡು ಕೊಟ್ರಾ? ಹೆದರಿಸಿದ್ರಾ?”

“ಇಲ್ಲ! ಯಾರೂ ಇಲ್ಲ.”

“ನಂಬ್ತೀನಿ. ದುಡ್ಡು ತಗೊಂಡವನು ಇಷ್ಟು ಬೆವರಲ್ಲ, ಹೆದರಿದವನು ಇಷ್ಟು ಹೊತ್ತು ನಿಲ್ಲಲ್ಲ.” ಅವರ ದನಿ ತಗ್ಗಿತು. “ನಾವು ಬಂದಾಗಿಂದ ನೋಡ್ತಿದೀನಿ. ನೀನು ನನ್ನನ್ನ ನೋಡ್ದೆ, ನನ್ನ ಸೊಸೇನ ನೋಡ್ದೆ, ಗೋಡೆ ನೋಡ್ದೆ, ನೆಲ ನೋಡ್ದೆ. ಈ ಹುಡುಗಿ ನಿನ್ನ ಮೂಗಿನ ಮುಂದೆ ನಿಂತಿದಾಳೆ. ಇವಳ ಕಡೆ ಮಾತ್ರ ಒಂದು ಸಲಾನೂ ತಿರುಗ್ಲಿಲ್ಲ.”

ಮೇಸ್ತ್ರಿಯ ಮಗಳ ಮುಖಕ್ಕೆ ತೊಟ್ಟಿಯ ಕೆಂಪೆಲ್ಲಾ ಏರಿತು.

“ಇವನು ನನ್ನ ಹತ್ರ ಕಾರು ಕಲಿತಿದ್ದ,” ಎಂದಳು ಅವಳು, ಸೊಸೆಗೆ ಹೇಳುವಂತೆ. “ಕಲಿತಾಯ್ತು. ಆಮೇಲೂ ಕಲಿಯೋಕೆ ಬರ್ತಾನೇ ಇದ್ದ.”

“ಆಹಾ,” ಎಂದಳು ಸೊಸೆ.

ಬೆಳಕಪ್ಪ ಕನ್ನಡಕ ತೆಗೆದ. ಕನ್ನಡಕವಿಲ್ಲದ ಆ ಮುಖ ತೀರಾ ಎಳೆಯದಾಗಿ ಕಂಡಿತು. “ಆವತ್ತು ಸಾಲುಗಳನ್ನ ನೋಡ್ದೆ ಮೇಡಂ. ಕಾಣದ ಬೆಳಕಿನ ಕಡೆ ಏನೋ ಏಳ್ತಾ ಇತ್ತು. ಸೈರನ್ನಿಗೆ ಮುಂಚೇನೇ. ಆಗ ತೊಟ್ಟಿ ಹತ್ರ ಇದ್ದಿದ್ದು ಅವರೊಬ್ಬರೇ. ಪೊಲೀಸರು ಇದನ್ನ ನೋಡಿದ್ರೆ ಅವರ ಕತೆ ಮುಗೀತು ಅನ್ನಿಸ್ತು. ಅದಕ್ಕೆ ಮುಚ್ಚಿದೆ. ಸೈರನ್ ಆದ್ಮೇಲೆ ಬಂದ ಹಾಗೆ ಕಾಣ್ಲಿ ಅಂತ. ಅವರನ್ನ ಉಳಿಸೋಕೆ.”

“ಉಳಿಸೋಕೆ?” ಹುಡುಗಿ ಎರಡು ಹೆಜ್ಜೆ ಮುಂದೆ ಬಂದಳು. “ಅಂದ್ರೆ ಅಪ್ಪನೇ ವಿಷ ಹಾಕಿದ್ದು ಅಂತ ನೀನೂ ನಂಬಿದೆ!”

“ನಾನು… ಅಂಕಿ ಹಾಗೆ ಹೇಳ್ತಿತ್ತು…”

“ಇಡೀ ಊರು ನಂಬಿತ್ತು. ನೀನೊಬ್ಬ ನಂಬಲ್ಲ ಅಂದ್ಕೊಂಡಿದ್ದೆ!”

ಇನ್ಸ್‌ಪೆಕ್ಟರಮ್ಮ ಬೆಳಕಪ್ಪನ ಕಡೆ ಬಾಗಿ ಕೇಳಿದರು:

“ಮೂಲ ಅಳಿಸಿಹಾಕಿದ್ಯಾ?”

“ಇಲ್ಲ. ಅಳಿಸೋಕೆ ಕೈ ಬರ್ಲಿಲ್ಲ.” ಅವನು ಮೇಜಿನ ಖಾನೆಯಿಂದ ಹೆಬ್ಬೆರಳಿನಷ್ಟು ದೊಡ್ಡ ಒಂದು ಪೆನ್‌ಡ್ರೈವ್ ತೆಗೆದು ಸೊಸೆಯ ಮುಂದಿಟ್ಟ. ಆಮೇಲೆ ಮೊದಲ ಬಾರಿಗೆ ಹುಡುಗಿಯ ಕಡೆ ನೋಡಿದ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

ಸೊಸೆ ಮೂಲ ಸಾಲುಗಳನ್ನು ಅವುಗಳ ಜಾಗಕ್ಕೆ ತುಂಬಿ ಮತ್ತೆ ಲೆಕ್ಕಕ್ಕೆ ಕೂತಳು. ಸೊನ್ನೆ. ಒಂದು. ಎರಡು. ಮೂರು. ಕಿಟಕಿಯ ಕಡೆ ತಿರುಗಿದ್ದವಳು ಯಾವಾಗಲೋ ವಾಪಸ್ ಬಂದು ಅವಳ ಹೆಗಲ ಹಿಂದೆ ನಿಂತಿದ್ದಳು.

“ನಾಲ್ಕು,” ಎಂದಳು ಸೊಸೆ. ಸೈರನ್ ಇನ್ನೂ ಆಗಿರಲಿಲ್ಲ.

ಹುಡುಗಿ ಮೇಜಿನ ಅಂಚನ್ನು ಹಿಡಿದುಕೊಂಡಳು. ಇನ್ಸ್‌ಪೆಕ್ಟರಮ್ಮ ಕುರ್ಚಿಯಿಂದ ಎದ್ದು ಅವಳ ಬೆನ್ನ ಮೇಲೆ ಕೈಯಿಟ್ಟರು.

“ತಾಳಿ,” ಎಂದಳು ಸೊಸೆ. “ತಾಳಿ, ತಾಳಿ. ಇನ್ನೂ ಮುಗಿದಿಲ್ಲ. ಯಾವಾಗ ಬಂತು ಅನ್ನೋದು ಆಯ್ತು. ಹೇಗೆ ಬಂತು?”

ಅವಳು ನಾಲ್ಕೂ ಪದಾರ್ಥಗಳ ಏರಿಳಿತವನ್ನು ನಾಲ್ಕು ಗೆರೆಗಳಾಗಿ ಬಿಡಿಸಿ ಪರದೆಯ ಮೇಲೆ ಎಳೆದಳು.

“ಮೇಸ್ತ್ರಿ ಬಣ್ಣ ಹಾಕೋದು ಹೇಗೆ?”

“ಬಕೆಟ್ಟಿಂದ,” ಎಂದ ಬೆಳಕಪ್ಪ. “ಒಂದೇ ಸಲಕ್ಕೆ ಸುರೀತಾರೆ.”

“ಹೌದಲ್ಲ! ಹಳದಿ ಗೆರೆ ನೋಡಿ. ಮೆಟ್ಟಿಲಿನ ಹಾಗೆ ನೆಟ್ಟಗೆ ಎದ್ದು ನಿಂತಿದೆ. ಕೆಂಪೂ ಹಾಗೇ, ನೀಲೀನೂ ಹಾಗೇ. ಈ ನಾಲ್ಕನೇ ಗೆರೆ?”

ನಾಲ್ಕನೆಯದು ಎಲ್ಲಿಯೂ ಜಿಗಿದಿರಲಿಲ್ಲ. ಸೈರನ್ನಿಗೆ ತುಸು ಮುಂಚೆ ನೆಲದಿಂದ ಎದ್ದು, ಸೈರನ್ ದಾಟಿ, ವಿರಾಮದ ಉದ್ದಕ್ಕೂ ಒಂದೇ ಓಟದಲ್ಲಿ, ಗುಡ್ಡಕ್ಕೆ ಹೋಗುವ ನುಣುಪಾದ ರಸ್ತೆಯಂತೆ ಮೇಲೇರಿತ್ತು.

“ಏರ್ತಾನೇ ಇದೆ,” ಹುಡುಗಿ ಪಿಸುಗುಟ್ಟಿದಳು. “ಅಪ್ಪ ಕ್ಯಾಂಟೀನಲ್ಲಿ ಜಗಳ ಆಡ್ತಿದ್ದಾಗ್ಲೂ ಏರ್ತಾನೇ ಇದೆ.”

“ನಲ್ಲಿ ಸಣ್ಣಗೆ ಬಿಟ್ಟ ಹಾಗೆ,” ಎಂದರು ಇನ್ಸ್‌ಪೆಕ್ಟರಮ್ಮ. “ಕೈಯಿಂದ ಸುರಿದದ್ದಲ್ಲ ಇದು. ಎಲ್ಲಿಂದಲೋ ಕೊಳವೇಲಿ ಇಳಿದಿದೆ.” ಅವರು ಬೆಳಕಪ್ಪನ ಕಡೆ ತಿರುಗಿದರು. “ಆ ತೊಟ್ಟಿಗೆ ಕೊಳವೆ ಎಲ್ಲಿಂದ ಬರುತ್ತೆ?”

“ನೀರಿನದೊಂದು, ಬಿಸಿ ಆವಿದೊಂದು. ಇನ್ನೊಂದು…” ಅವನ ಬಾಯಿ ತೆರೆದಂತೆಯೇ ಉಳಿಯಿತು. “ಇನ್ನೊಂದು ಮೇಲಿನ ಕಪ್ಪು ಕೋಣೆಯಿಂದ. ಹಿಂದೆ ಕಪ್ಪು ಬಣ್ಣದ ಕೆಲಸ ಅಲ್ಲಿ ನಡೀತಿತ್ತು. ನಿಲ್ಲಿಸಿ ಬಹಳ ಕಾಲ ಆಯ್ತು. ಪೊಲೀಸರು ಹೋಗಿ ತುಕ್ಕು ಹಿಡಿದ ಬೀಗ ನೋಡಿ ವಾಪಸ್ ಬಂದ್ರು.”

“ಬೀಗದ ಕೀಲಿ?”

“ಒಂದೇ ಇರೋದು. ಮ್ಯಾನೇಜರ್ ಹತ್ರ. ಗೊಂಚಲು ಕೈ ಬಿಡೋದೇ ಇಲ್ಲ ಅವರು.”

ಇನ್ಸ್‌ಪೆಕ್ಟರಮ್ಮ ಹೂಂಗುಟ್ಟಿದರು. ಎಷ್ಟೋ ಕಾಲದ ಮೇಲೆ ಒಂದು ಎಳೆ ಅವರ ಕೈಗೆ ಸಿಕ್ಕಿತ್ತು. ಠಾಣೆಗೆ ಫೋನ್ ಮಾಡಿ, ಹಿಂದೆ ತಮ್ಮ ಕೈಕೆಳಗೆ ಪಳಗಿದ್ದ ಅಧಿಕಾರಿಗೆ ನಡೆದದ್ದನ್ನೆಲ್ಲ, ಅಂಟಿಸಿದ ಸಾಲುಗಳ ಸಮೇತ, ಬಿಡಿಸಿ ಹೇಳಿದರು. ಆತ ತಾನೇ ಬಂದು ನೋಡುತ್ತೇನೆ ಎಂದ. ಗೆರೆ ಹೀಗೇ ಇದ್ದರೆ ಮೇಸ್ತ್ರಿಯನ್ನು ಇಟ್ಟುಕೊಳ್ಳಲು ಕಾರಣ ಉಳಿಯುವುದಿಲ್ಲ ಎಂದೂ ಅಂದ.

“ತಿದ್ದಿದ್ದಕ್ಕೆ ನೀನು ಉತ್ತರ ಹೇಳಬೇಕಾಗುತ್ತೆ,” ಎಂದರು ಅವರು ಬೆಳಕಪ್ಪನಿಗೆ.

“ಹೇಳ್ತೀನಿ ಮೇಡಂ.”

“ಮೊದಲು ನನಗೆ ಹೇಳಬೇಕಾಗುತ್ತೆ,” ಎಂದಳು ಮೇಸ್ತ್ರಿಯ ಮಗಳು. “ನಿನ್ನ ಜೊತೆ ಆಮೇಲೆ ಮಾತಾಡ್ತೀನಿ.” ಸಿಟ್ಟಿನಲ್ಲೇ ಅಂದಳು. ಆದರೆ ಆ ‘ಆಮೇಲೆ’ ಎಂಬ ಮಾತಿಗೆ ಅವನ ಮುಖ ದೀಪ ಹಚ್ಚಿದಂತಾಯಿತು.

ಅಷ್ಟರಲ್ಲಿ ಇನ್ಸ್‌ಪೆಕ್ಟರಮ್ಮನ ಫೋನು ಮತ್ತೆ ಸದ್ದು ಮಾಡಿತು. ಡಾಕ್ಟರಮ್ಮ. ಮಾತು ಎಲ್ಲರಿಗೂ ಕೇಳುವಷ್ಟು ಜೋರಾಗಿತ್ತು.

“ಕಣ್ಣು ಬಿಟ್ರು! ತುಟಿಗೆ ಕೆಂಪು ಬಂದಿದೆ. ನೀರು ಕೇಳಿದ್ರು. ನನ್ನ ಕೋಟು ಗಲೀಜಾಗಿದೆ ಅಂತ ಬೈದ್ರು ಕೂಡ!”

“ಬೈದ್ರೆ ಬದುಕಿದ್ರು ಬಿಡಿ,” ಎಂದು ಇನ್ಸ್‌ಪೆಕ್ಟರಮ್ಮ ನಕ್ಕುಬಿಟ್ಟರು. ಹುಡುಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿದಳು. ಬೆಳಕಪ್ಪ ಲೆನ್ಸ್ ಒರೆಸುವ ಬಟ್ಟೆಯನ್ನೇ ಮುಂದೆ ಚಾಚಿದ. ಅವಳು ತೆಗೆದುಕೊಂಡಳು.

“ಅತ್ತೆ,” ಎಂದಳು ಸೊಸೆ.

ಅವಳ ದನಿಯಲ್ಲಿ ಏನೋ ಇತ್ತು. ಎಲ್ಲರೂ ತಿರುಗಿದರು. ಅವಳು ತಂತಿ ಹಾಕಿಕೊಂಡಿದ್ದ ಲ್ಯಾಪ್‌ಟಾಪಿನ ಪರದೆಯನ್ನು ನೋಡುತ್ತಿದ್ದಳು. ಅಲ್ಲಿ ತಣ್ಣೀರಿನ ಸಾಲುಗಳು ಇನ್ನೂ ಬೀಳುತ್ತಲೇ ಇದ್ದವು. ಅದನ್ನು ನಿಲ್ಲಿಸಲು ಯಾರಿಗೂ ನೆನಪಾಗಿರಲಿಲ್ಲ.

“ಸೊನ್ನೆ ಇತ್ತು. ಈಗ ಒಂದು.”

“ಅಂದ್ರೆ?”

“ತೊಟ್ಟಿಗೆ ಏನೋ ಇಳೀತಿದೆ. ಈಗ. ನಾವು ನೋಡ್ತಿರೋ ಹಾಗೇ.” ಪರದೆಯ ಬದಿಯಲ್ಲಿ ಎರಡು ಪುಟ್ಟ ಗುಡ್ಡಗಳು ಮೆಲ್ಲಗೆ ತಲೆಯೆತ್ತುತ್ತಿದ್ದವು. “ಅನಿಲೀನ್.”

“ಎಲ್ಲರನ್ನೂ ಹೊರಗೆ ಕಳಿಸು!” ಇನ್ಸ್‌ಪೆಕ್ಟರಮ್ಮನ ಹಳೆಯ ಠಾಣೆಯ ಗಂಟಲು ಎದ್ದು ಬಂತು. ಬೆಳಕಪ್ಪ ಗೋಡೆಯ ಕೆಂಪು ಗುಂಡಿಯನ್ನು ಅದುಮಿದ. ಗಂಟೆ ಬಡಿದುಕೊಂಡಿತು. ತೊಟ್ಟಿಯ ಸುತ್ತ ಇದ್ದ ಕೆಲಸಗಾರರು ಕೈಯಲ್ಲಿದ್ದದ್ದನ್ನು ಬಿಟ್ಟು ಅಂಗಳಕ್ಕೆ ನಡೆದರು. ಮೇಸ್ತ್ರಿಯ ಮಗಳು ಬಾಗಿಲಲ್ಲಿ ನಿಂತು, ಕಾರು ಕಲಿಸುವ ಅದೇ ಗದರುದನಿಯಲ್ಲಿ, ಒಬ್ಬೊಬ್ಬರನ್ನೇ ಹೊರಗೆ ದಾಟಿಸಿದಳು. ಯಾರಿಗೂ ಏನೂ ಆಗಲಿಲ್ಲ.

ಮ್ಯಾನೇಜರ್ ಮೇಲಿದ್ದಾನೆ, ಸಿಕ್ಕಿಬಿದ್ದ, ಎಂದುಕೊಳ್ಳುತ್ತಾ ಇನ್ಸ್‌ಪೆಕ್ಟರಮ್ಮ ಕಿಟಕಿಯಿಂದ ಅಂಗಳ ನೋಡಿದರು. ನೋಡಿದವರು ಹಾಗೆಯೇ ನಿಂತರು.

ಮ್ಯಾನೇಜರ್ ಅಂಗಳದ ನಟ್ಟನಡುವೆ ನಿಂತು ಲಾರಿಯವನ ಜೊತೆ ವಾದ ಮಾಡುತ್ತಿದ್ದ. ಕೀಲಿಗೊಂಚಲು ಅವನ ಬೆರಳಿನಲ್ಲಿ ಗಿರಗಿರ ತಿರುಗುತ್ತಿತ್ತು.

“ನೀನು ಇಲ್ಲೇ ಇರೇ,” ಎಂದು ಸೊಸೆಗೆ ಹೇಳಿ, ಅವಳು ಇರುವವಳಲ್ಲ ಎಂದು ಗೊತ್ತಿದ್ದೂ ಹೇಳಿ, ಇನ್ಸ್‌ಪೆಕ್ಟರಮ್ಮ ಮೂಗಿಗೆ ಕರ್ಚೀಫು ಹಿಡಿದು ಹಿಂಬದಿಯ ಕಬ್ಬಿಣದ ಮೆಟ್ಟಿಲು ಹತ್ತಿದರು. ಮಂಡಿ ಬೈಯುತ್ತಿತ್ತು. ಬೈಯಲಿ ಎಂದು ಬಿಟ್ಟರು. ಹಿಂದೆಯೇ ಸೊಸೆಯ ಹೆಜ್ಜೆ ಕೇಳಿಸಿತು.

ಕಪ್ಪು ಕೋಣೆಯ ಬಾಗಿಲಿಗೆ ಬೀಗ ಹಾಕಿಯೇ ಇತ್ತು. ಮೈಯೆಲ್ಲ ತುಕ್ಕು, ಪೊಲೀಸರು ನೋಡಿದ ಹಾಗೆಯೇ. ಆದರೆ ಬಗ್ಗಿ ನೋಡಿದರೆ ಕೀಲಿ ತೂರುವ ಬಾಯಿ ಮಾತ್ರ ಹೊಸ ನಾಣ್ಯದಂತೆ ಹೊಳೆಯುತ್ತಿತ್ತು. ಅದಕ್ಕೆ ದಿನವೂ ಎಣ್ಣೆ ಬೀಳುತ್ತಿತ್ತು, ದಿನವೂ ಕೀಲಿ ತಿರುಗುತ್ತಿತ್ತು.

ಬೀಗ ಹೊರಗಿನಿಂದ ಹಾಕಿದೆ. ಹಾಗಾದರೆ ಒಳಗೆ ನಲ್ಲಿ ತಿರುಗಿಸಿದವರು ಯಾರು?

ಇನ್ಸ್‌ಪೆಕ್ಟರಮ್ಮ ಬಾಗಿಲಿಗೆ ಕಿವಿ ಹಚ್ಚಿದರು. ಒಳಗೆ ಚಪ್ಪಲಿ ಎಳೆಯುವ ಸದ್ದು. ಅದು ಹತ್ತಿರ ಬಂತು. ನಿಂತಿತು. ಆಮೇಲೆ ಒಳಗಿನಿಂದ ಯಾರೋ ಬೆರಳ ಗೆಣ್ಣಿನಿಂದ ಬಾಗಿಲನ್ನು ಮೆಲ್ಲಗೆ ತಟ್ಟಿದರು.

“ಹೊರಗೆ ಯಾರು?” ವಯಸ್ಸಾದ ಹೆಂಗಸಿನ ದನಿ. ಬಹಳ ದಿನ ಯಾರ ಜೊತೆಗೂ ಮಾತಾಡದೆ ಒಣಗಿದ ಗಂಟಲು. “ಕೊನೆಗೂ ಯಾರೋ ಬಂದ್ರಲ್ಲ. ನಾನು ಕೂಗಿದ್ರೆ ಯಂತ್ರಗಳ ಸದ್ದಲ್ಲಿ ಯಾರಿಗೂ ಕೇಳಲ್ಲ. ಆವತ್ತೂ ಹೀಗೇ ನಲ್ಲಿ ತಿರುಗಿಸಿದ್ದೆ, ಇಲ್ಲಿ ಯಾರೋ ಇದಾರೆ ಅಂತ ಕೆಳಗಿನವರಿಗೆ ಗೊತ್ತಾಗ್ಲಿ ಅಂತ, ಅದರಲ್ಲಿ ಏನಿದೆ ಅಂತ ತಿಳೀದೆ. ಆಮೇಲೆ ಯಜಮಾನರ ತಂಗಿ ಬಿದ್ರು ಅಂತ ಕೂಗಾಟ ಕೇಳಿಸ್ತು. ಹೇಳಿ… ನನ್ನ ಮಗಳು ಬದುಕಿದಾಳಾ?”